ಲೈಕ್ ಕೊಡುವವರು ಬೇರೆ, ಕೆಲಸ ಕೊಡುವವರು ಬೇರೆ

ಚಿತ್ರ ಬರೆದು ಆನ್‌ಲೈನ್‌ನಲ್ಲಿ ಹಾಕುವವರು ನಿಮ್ಮ ತಕರಾರು ಬರೆದು ಕಳಿಸಿ ಅಂತ ಕಳೆದ ಸಂಚಿಕೆಯಲ್ಲಿ ಕೇಳಿದ್ದೆ. ಬಂದ ರಾಶಿ ನೋಡಿದರೆ ನಮ್ಮಲ್ಲಿ ಚಿತ್ರ ಬರೆಯುವವರಿಗಿಂತ ಬರೆದು ಬೇಜಾರಾಗಿ ಕೂತವರೇ ಜಾಸ್ತಿ ಅನ್ನಿಸಿತು. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿದ್ದೇನೆ, ಉದ್ದದ್ದನ್ನು ಕತ್ತರಿಸಿದ್ದೇನೆ, ಹೆಸರು ತೆಗೆದು ಊರು ಮಾತ್ರ ಉಳಿಸಿದ್ದೇನೆ.

ಪ್ರಶ್ನೆ: ಮೇಡಂ, ನಾನು ವಿಷುವಲ್ ಆರ್ಟ್ಸ್ ಓದುತ್ತಿದ್ದೇನೆ. ವಾರಕ್ಕೆರಡು ಚಿತ್ರ ಇನ್‌ಸ್ಟಾಗ್ರಾಂಗೆ ಹಾಕುತ್ತೇನೆ. ಮೂವತ್ತು ಲೈಕ್ ದಾಟಲ್ಲ, ಅದರಲ್ಲಿ ಇಪ್ಪತ್ತು ನಮ್ಮ ನೆಂಟರದೇ. ಎಷ್ಟು ಗಂಟೆಗೆ ಹಾಕಬೇಕು, ಎಷ್ಟು ಹ್ಯಾಶ್‌ಟ್ಯಾಗ್ ಇರಬೇಕು, ಸರಿಯಾಗಿ ಹೇಳಿ. (ಹಾವೇರಿ)

ಉತ್ತರ: ಗಂಟೆಯನ್ನೂ ಹ್ಯಾಶ್‌ಟ್ಯಾಗನ್ನೂ ಸ್ವಲ್ಪ ಪಕ್ಕಕ್ಕಿಡೋಣ. ಏನು ಚಿತ್ರ, ಯಾವ ಬಣ್ಣದಲ್ಲಿ ಮಾಡಿದ್ದು, ಯಾವ ಊರು ಅಂತ ಹೇಳುವ ನಾಲ್ಕೈದು ಹ್ಯಾಶ್‌ಟ್ಯಾಗ್ ಸಾಕು. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ಬೇರೆ. ನೀವು ಹಾಕಿದ ಚಿತ್ರದ ಲೆಕ್ಕ ಇದೆ, ಬಂದ ಲೈಕಿನ ಲೆಕ್ಕ ಇದೆ, ನೀವು ನೋಡಿದ ಬೇರೆಯವರ ಚಿತ್ರದ ಬಗ್ಗೆ ಒಂದು ಮಾತೂ ಇಲ್ಲ.

ಸ್ವಲ್ಪ ಹಳೇ ಕಥೆ ಹೇಳುತ್ತೇನೆ. ಡೀವಿಯಂಟ್‌ಆರ್ಟ್ ಅಂತ ಕಲಾವಿದರು ಚಿತ್ರ ಹಾಕುವ ಒಂದು ಜಾಲತಾಣ ಅಮೆರಿಕದಲ್ಲಿ 2000ದ ಆಗಸ್ಟ್‌ನಲ್ಲಿ ಶುರುವಾಯಿತು. ಇನ್‌ಸ್ಟಾಗ್ರಾಂ ಹುಟ್ಟಲು ಆಗಿನ್ನೂ ಹತ್ತು ವರ್ಷ ಇತ್ತು. ಮೊದಲ ವರ್ಷಗಳಲ್ಲಿ ಅಲ್ಲಿ ಹೆಚ್ಚಾಗಿ ಹೊಸ ಚಿತ್ರ ಮೇಲೆ, ಹಳೆಯದು ಕೆಳಗೆ. ಹಾಕಿದ ಸ್ವಲ್ಪ ಹೊತ್ತಿಗೇ ನಿಮ್ಮ ಚಿತ್ರ ಕೆಳಗೆ ಜಾರಿ ಮರೆಯಾಗುತ್ತಿತ್ತು. ಹಾಗಿದ್ದರೂ ಜನ ಅಲ್ಲಿ ಹೆಸರು ಮಾಡಿದರು. ಹೇಗೆ ಅಂದರೆ, ಇನ್ನೊಬ್ಬರ ಪುಟಕ್ಕೆ ಹೋಗಿ ಮಾತಾಡುವುದರಿಂದ. ನೀವು ಬರೆದ ಕಾಮೆಂಟ್ ಓದಿದವರು ಇದು ಯಾರಪ್ಪಾ ಅಂತ ನಿಮ್ಮ ಹೆಸರು ಒತ್ತಿ ನಿಮ್ಮ ಪುಟಕ್ಕೆ ಬರುತ್ತಿದ್ದರು. ಇಷ್ಟವಾದದ್ದನ್ನು ಫೇವರಿಟ್ ಅಂತ ಕೂಡಿಟ್ಟರೆ ಆ ಸಂಗ್ರಹವನ್ನೂ ನೋಡುವವರಿದ್ದರು. ಅಲ್ಲಿ 'ಡೈಲಿ ಡೀವಿಯೇಶನ್' ಅಂತ ಒಂದು ಮರ್ಯಾದೆ ಇದೆ, ದಿನವೂ ಕೆಲವು ಚಿತ್ರಗಳನ್ನು ಆರಿಸಿ ಎಲ್ಲರ ಮುಂದೆ ಇಡುವುದು. ಆರಿಸುವವರು ಮನುಷ್ಯರು, ಯಂತ್ರ ಅಲ್ಲ. ಒಬ್ಬ ಸದಸ್ಯರು ಇನ್ನೊಬ್ಬರ ಚಿತ್ರವನ್ನು ಸೂಚಿಸಬಹುದು. ಅಂದರೆ ನಿಮ್ಮ ಚಿತ್ರದ ಬಗ್ಗೆ ಬೇರೆ ಯಾರೋ ಬಾಯಿ ಬಿಡಬೇಕು, ಅವರು ಬಾಯಿ ಬಿಡಬೇಕಾದರೆ ನಿಮ್ಮ ಪರಿಚಯ ಅವರಿಗಿರಬೇಕು.

ಇನ್‌ಸ್ಟಾಗ್ರಾಂ 2016ರಲ್ಲಿ ಸಮಯದ ಪ್ರಕಾರ ಪೋಸ್ಟ್ ತೋರಿಸುವುದನ್ನು ಬಿಟ್ಟಿತು. ಯಾರಿಗೆ ಏನು ಇಷ್ಟ ಆಗಬಹುದು ಅಂತ ಅದೇ ಲೆಕ್ಕ ಹಾಕಿ ಮುಂದಿಡಲು ಶುರು ಮಾಡಿತು. ಆವತ್ತಿಂದ ಚಿತ್ರ ಬರೆಯುವವರೆಲ್ಲ ಈ ಲೆಕ್ಕಕ್ಕೆ, ಅಂದರೆ ಅಲ್ಗಾರಿದಂಗೆ, ಬೈಯುತ್ತಾ ಕೂತಿದ್ದಾರೆ. ಬೈಯಲಿ, ಬೇಡ ಅನ್ನಲ್ಲ. ಆದರೆ ಆ ಲೆಕ್ಕದ ಒಳಗೂ ಕೂತಿರುವುದು ಮನುಷ್ಯರು ಮಾಡಿದ್ದೇ. ಯಾರು ಯಾರ ಜತೆ ಮಾತಾಡುತ್ತಾರೆ, ಯಾವ ಪೋಸ್ಟನ್ನು ಗೆಳೆಯರಿಗೆ ಕಳಿಸುತ್ತಾರೆ ಅನ್ನುವುದನ್ನು ಅದು ನೋಡುತ್ತದೆ. ಹಾಗೆ ಕಳಿಸುವುದಕ್ಕೆ ಬೆಲೆ ಜಾಸ್ತಿ ಅಂತ ಇನ್‌ಸ್ಟಾಗ್ರಾಂನವರೇ ಹೇಳಿದ್ದಾರೆ. ನೀವು ಮಾಡುತ್ತಿರುವುದು ಹೇಗಿದೆ ಅಂದರೆ, ಮದುವೆ ಮನೆಗೆ ಹೋಗಿ ಯಾರನ್ನೂ ಮಾತಾಡಿಸದೆ ಫೋಟೋಗೆ ಮಾತ್ರ ನಿಂತು ವಾಪಸ್ ಬಂದ ಹಾಗೆ.

ಈಗ ಕೆಲಸದ ಮಾತು. ನಿಮ್ಮ ಮಟ್ಟದಲ್ಲೇ ಇರುವ ಹತ್ತು ಹನ್ನೆರಡು ಜನರನ್ನು ಹುಡುಕಿಕೊಳ್ಳಿ. ಲಕ್ಷ ಫಾಲೋವರ್ಸ್ ಇರುವವರು ಬೇಡ, ಅವರಿಗೆ ನಿಮ್ಮ ಕಾಮೆಂಟ್ ಕಾಣುವುದೂ ಇಲ್ಲ. ಅವರ ಚಿತ್ರ ನೋಡಿ ಏನಾದರೂ ನಿಜವಾಗಿ ಬರೆಯಿರಿ. "ಸೂಪರ್ ಬ್ರೋ" ಅಂದರೆ ಅವರು ಒಂದು ಹಾರ್ಟ್ ಒತ್ತಿ ಸುಮ್ನೆ ಆಗುತ್ತಾರೆ. "ಮಳೆ ನೀರಲ್ಲಿ ಬಸ್ಸಿನ ಲೈಟ್ ಒಡೆದು ಬಿದ್ದಿದೆಯಲ್ಲ, ಅಲ್ಲಿ ಬಿಳಿ ಕಾಗದವನ್ನೇ ಉಳಿಸಿಕೊಂಡಿರಾ ಅಥವಾ ಆಮೇಲೆ ಗೌಶ್ ಬಣ್ಣ ಹಚ್ಚಿದಿರಾ?" ಅಂತ ಕೇಳಿ ನೋಡಿ. ಅವರು ಒಂದು ಪ್ಯಾರಾ ಉತ್ತರ ಬರೆಯುತ್ತಾರೆ, ನಿಮ್ಮ ಪುಟಕ್ಕೂ ಬರುತ್ತಾರೆ, ಅಷ್ಟೇ ಅಲ್ಲ, ನಿಮಗೆ ಆ ಕೆಲಸವೂ ಗೊತ್ತಾಗುತ್ತದೆ. ಒಂದು ಎಚ್ಚರ ಮಾತ್ರ. ಬರೆದ ಕಾಮೆಂಟಿನ ಕೊನೆಗೆ "ನನ್ನ ಪೇಜೂ ನೋಡಿ" ಅಂತ ಸೇರಿಸಬೇಡಿ. ಅದೊಂದು ಸಾಲು ಮೇಲೆ ಬರೆದದ್ದನ್ನೆಲ್ಲ ಸುಳ್ಳು ಮಾಡಿಬಿಡುತ್ತದೆ.

ಎಲ್ಲರೂ ಸೇರಿ ಬರೆಯುವ ಆಟಗಳಿಗೂ ಸೇರಿಕೊಳ್ಳಿ. ಅಮೆರಿಕದ ಜೇಕ್ ಪಾರ್ಕರ್ 2009ರಲ್ಲಿ ಶುರು ಮಾಡಿದ ಇಂಕ್‌ಟೋಬರ್ ಇದೆ, ಅಕ್ಟೋಬರ್‌ನಲ್ಲಿ ದಿನಕ್ಕೊಂದು ಇಂಕ್ ಚಿತ್ರ. '36 ಡೇಸ್ ಆಫ್ ಟೈಪ್' ಇದೆ, ಬಾರ್ಸಿಲೋನಾದಲ್ಲಿ ಹುಟ್ಟಿದ್ದು, ದಿನಕ್ಕೊಂದು ಇಂಗ್ಲಿಷ್ ಅಕ್ಷರ ಅಥವಾ ಅಂಕಿ ಬರೆಯುವುದು. ಒಬ್ಬರ ಚಿತ್ರವನ್ನು ಇನ್ನೊಬ್ಬರು ತಮ್ಮ ಶೈಲಿಯಲ್ಲಿ ಬರೆಯುವ 'ಡ್ರಾ ದಿಸ್ ಇನ್ ಯುವರ್ ಸ್ಟೈಲ್' ಅಂತೂ ಯಾವಾಗಲೂ ನಡೆಯುತ್ತಿರುತ್ತದೆ. ಇವುಗಳಲ್ಲಿ ಗೆಲ್ಲುವುದು ಸೋಲುವುದು ಏನೂ ಇಲ್ಲ, ಒಂದೇ ವಿಷಯಕ್ಕೆ ನೂರು ಜನ ಬರೆದಾಗ ಉಳಿದವರು ಏನು ಮಾಡಿದರು ಅಂತ ನೋಡುವ ಕುತೂಹಲ ಎಲ್ಲರಿಗೂ ಇರುತ್ತದೆ, ಆ ಕುತೂಹಲದಲ್ಲಿ ನಿಮ್ಮದೂ ಕಾಣುತ್ತದೆ. ನಾಲ್ಕು ಗೆಳೆಯರು ಸಿಕ್ಕರೆ ಕನ್ನಡದ 49 ಅಕ್ಷರ ಇಟ್ಟುಕೊಂಡು ನೀವೇ ಒಂದು ಶುರು ಮಾಡಿ. ಙ, ಞ, ಳ ಬಂದಾಗ ಏನು ಬರೆಯುತ್ತೀರೋ ನೋಡೋಣ.

ಪ್ರಶ್ನೆ: ಗೇಮ್ ಕಂಪನಿಯಲ್ಲಿ ಕೆಲಸಕ್ಕೆ ಸೇರುವ ಆಸೆ. ಡೀವಿಯಂಟ್‌ಆರ್ಟ್, ಬಿಹಾನ್ಸ್, ಆರ್ಟ್‌ಸ್ಟೇಷನ್, ಪಿಕ್ಸಿವ್, ಇನ್‌ಸ್ಟಾ ಎಲ್ಲದರಲ್ಲೂ ಅಕೌಂಟ್ ಮಾಡಿದ್ದೇನೆ. ಎಲ್ಲ ಕಡೆ ಹಾಕಿ ಹಾಕಿ ಚಿತ್ರ ಬರೆಯಲು ಟೈಮೇ ಇಲ್ಲ. (ದಾವಣಗೆರೆ)

ಉತ್ತರ: ಎಲ್ಲ ಕಡೆಯೂ ಇರಬೇಕು ಅಂತ ಯಾರು ಹೇಳಿದರು? ನೋಡುವವರು ಯಾರು ಅಂತ ಕೇಳಿಕೊಳ್ಳಿ, ಅರ್ಧ ಅಕೌಂಟ್ ತಾನಾಗೇ ಉದುರುತ್ತವೆ. ಗೇಮ್, ಸಿನಿಮಾ ಕಂಪನಿಗಳಲ್ಲಿ ಆರ್ಟಿಸ್ಟ್‌ಗಳನ್ನು ಹುಡುಕುವವರು ಆರ್ಟ್‌ಸ್ಟೇಷನ್ ನೋಡುತ್ತಾರೆ. 2021ರಿಂದ ಅದು ಎಪಿಕ್ ಗೇಮ್ಸ್ ಕೈಯಲ್ಲಿದೆ. ಬಿಹಾನ್ಸ್ 2012ರಿಂದ ಅಡೋಬಿಯದು, ಅಲ್ಲಿ ಲೋಗೋ, ಪ್ಯಾಕೇಜಿಂಗ್, ಪುಸ್ತಕದ ಮುಖಪುಟ ಮಾಡಿಸುವವರು ಓಡಾಡುತ್ತಾರೆ. ಪಿಕ್ಸಿವ್ 2007ರಲ್ಲಿ ಜಪಾನ್‌ನಲ್ಲಿ ಶುರುವಾದದ್ದು, ಆನಿಮೆ ಮಂಗಾ, ಅಂದರೆ ಜಪಾನಿನ ಕಾರ್ಟೂನ್ ಕಾಮಿಕ್ಸ್ ಶೈಲಿಯವರ ಜಾಗ. ಡೀವಿಯಂಟ್‌ಆರ್ಟ್‌ನಲ್ಲಿ ಫ್ಯಾನ್ ಆರ್ಟ್‌ನವರು (ಮೆಚ್ಚಿನ ನಟರನ್ನೋ ಪಾತ್ರಗಳನ್ನೋ ಬರೆಯುವವರು), ಸ್ವಂತ ಪಾತ್ರ ಕಟ್ಟಿ ಅದಕ್ಕೆ ಕಥೆ ಬರೆಯುವವರು ಜಾಸ್ತಿ. ಇನ್‌ಸ್ಟಾದಲ್ಲಿ ನಿಮ್ಮ ಊರಿನವರು ಸಿಗುತ್ತಾರೆ, ಮಗಳ ಹುಟ್ಟುಹಬ್ಬಕ್ಕೆ ಪೋರ್ಟ್ರೇಟ್ ಬೇಕು ಅನ್ನುವವರು.

ನಿಮಗೆ ಆರ್ಟ್‌ಸ್ಟೇಷನ್ ಮುಖ್ಯ. ಅಲ್ಲಿ ಕೈಯಲ್ಲಿರುವುದನ್ನೆಲ್ಲ ಸುರಿಯಬೇಡಿ. ನಿಮ್ಮಲ್ಲಿ ನಲವತ್ತು ಚಿತ್ರ ಇದ್ದರೆ ಚೆನ್ನಾಗಿರುವ ಹತ್ತು ಇಡಿ. ನೋಡುವವರು ನಿಮ್ಮನ್ನು ಅಳೆಯುವುದು ಅತಿ ಕೆಟ್ಟ ಚಿತ್ರದಿಂದ, ಇದು ಅನ್ಯಾಯ ಅನ್ನಿಸಿದರೂ ನಡೆಯುವುದು ಹೀಗೇ. ಮುಗಿದ ಚಿತ್ರದ ಜತೆ ಕಚ್ಚಾ ಸ್ಕೆಚ್, ಬಣ್ಣದ ಪ್ರಯತ್ನಗಳನ್ನೂ ಇಡಿ, ನೀವು ಹೇಗೆ ಯೋಚಿಸುತ್ತೀರಿ ಅಂತ ಅವರಿಗೆ ಗೊತ್ತಾಗಬೇಕು. ಕತ್ತಿ ಹಿಡಿದ ಹುಡುಗಿಯರನ್ನೇ ಬರೆಯುತ್ತಿದ್ದರೆ ಸ್ವಲ್ಪ ನಿಲ್ಲಿಸಿ, ಬಾಗಿಲು, ಪೆಟ್ಟಿಗೆ, ಗಾಡಿ, ಅಂಗಡಿ ಬರೆಯಿರಿ. ಗೇಮ್‌ಗಳಿಗೆ ಅವು ರಾಶಿ ರಾಶಿ ಬೇಕು. ಉಳಿದ ಅಕೌಂಟ್‌ಗಳಲ್ಲಿ ಒಂದು ಇಟ್ಟುಕೊಂಡು ಗೆಳೆಯರ ಜತೆ ಹರಟೆ ಹೊಡೆಯಿರಿ.

ಪ್ರಶ್ನೆ: ಫಾಲೋವರ್ಸ್‌ನ ದುಡ್ಡು ಕೊಟ್ಟು ತಗೋಬಹುದಾ? (ಹೊಸಪೇಟೆ)

ಉತ್ತರ: ತಗೋಬಹುದು. ಅವರು ಚಿತ್ರ ನೋಡಲ್ಲ, ಮಾತಾಡಲ್ಲ, ಕೊಳ್ಳಲ್ಲ. ಆ ದುಡ್ಡಿಗೆ ಒಳ್ಳೆ ಕಾಗದ ತಗೊಳ್ಳಿ.

ಪ್ರಶ್ನೆ: ಅಪ್ಪು ಚಿತ್ರ ಹಾಕಿದರೆ ಸಾವಿರಗಟ್ಟಲೆ ಲೈಕ್ ಬರುತ್ತದೆ. ನಮ್ಮೂರ ಕೆರೆ ಬರೆದು ಹಾಕಿದರೆ ಯಾರೂ ತಿರುಗಿ ನೋಡಲ್ಲ. ಫ್ಯಾನ್ ಆರ್ಟ್ ಮಾಡುವುದೇ ಒಳ್ಳೆಯದಾ? (ಮಂಡ್ಯ)

ಉತ್ತರ: ಮಾರ್ಚ್ 17 ಬಂದರೆ ಅಪ್ಪು, ಏಪ್ರಿಲ್ 24 ಬಂದರೆ ಅಣ್ಣಾವ್ರು, ಫೋನ್ ತುಂಬಾ ಅವರೇ. ತಪ್ಪೇನಿಲ್ಲ, ಪ್ರೀತಿಯಿಂದ ಬರೆಯುತ್ತಾರೆ. ಇದು ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ, ಡೀವಿಯಂಟ್‌ಆರ್ಟ್‌ನಲ್ಲೂ ಪಿಕ್ಸಿವ್‌ನಲ್ಲೂ ಬೇಗ ಓಡುವುದು ಎಲ್ಲರಿಗೂ ಗೊತ್ತಿರುವ ಪಾತ್ರಗಳೇ. ಜನ ಹುಡುಕುವುದು ಆ ಹೆಸರನ್ನು, ನಿಮ್ಮ ಹೆಸರನ್ನಲ್ಲ. ಹಾಗಾಗಿ ಬಂದ ಸಾವಿರ ಲೈಕ್ ಅಪ್ಪುಗೆ ಬಿದ್ದಿದ್ದು, ಅದರಲ್ಲಿ ಸ್ವಲ್ಪ ನಿಮ್ಮ ಕೈಗೂ ತಾಗಿದೆ, ಅಷ್ಟೇ.

ಆ ಸ್ವಲ್ಪವನ್ನು ಉಳಿಸಿಕೊಳ್ಳುವುದು ಹೇಗೆ ಅಂತ ಯೋಚಿಸಿ. ಫೋಟೋ ನೋಡಿ ಕೂದಲು ಕೂದಲು ಪೆನ್ಸಿಲ್‌ನಲ್ಲಿ ತೆಗೆದರೆ ಜನ "ಫೋಟೋ ಥರಾನೇ ಇದೆ" ಅಂತ ಮೆಚ್ಚಿ ಹೋಗುತ್ತಾರೆ, ನಿಮ್ಮ ಗುರುತು ಅವರಿಗೆ ಸಿಗುವುದೇ ಇಲ್ಲ. ಅದರ ಬದಲು ನೀವು ಕೆರೆ ಬರೆಯುವ ಗೆರೆಯಲ್ಲೇ, ಅದೇ ಬಣ್ಣದಲ್ಲೇ ಅಪ್ಪು ಅವರನ್ನು ಬರೆಯಿರಿ, ಬೇಕಾದರೆ ನಿಮ್ಮೂರ ಕೆರೆ ಏರಿ ಮೇಲೇ ನಿಲ್ಲಿಸಿ. ಆಗ ಆ ಚಿತ್ರ ನೋಡಿ ನಿಮ್ಮ ಪುಟಕ್ಕೆ ಬಂದವರಿಗೆ ಕೆರೆಯೂ ಅದೇ ಮನೆಯದು ಅಂತ ಗೊತ್ತಾಗುತ್ತದೆ. ಕೆರೆಯನ್ನು ಒಂದೇ ಸಲ ಹಾಕಿ ಕೈಬಿಡಬೇಡಿ. ಬೇಸಿಗೆಯಲ್ಲಿ ಒಣಗಿದ ಕೆರೆ, ಗಣಪತಿ ಬಿಡುವ ದಿನದ ಕೆರೆ, ಬಟ್ಟೆ ಒಗೆಯುವವರು, ಎಮ್ಮೆ ಮೈ ತೊಳೆಯುವವರು, ಹೀಗೆ ಸಾಲಾಗಿ ಬರಲಿ. ಊರು ಬಿಟ್ಟು ಬೆಂಗಳೂರಲ್ಲೋ ದುಬೈನಲ್ಲೋ ಇರುವ ನಿಮ್ಮೂರಿನವರು ಅದನ್ನು ಒಬ್ಬರಿಗೊಬ್ಬರು ಕಳಿಸಿಕೊಳ್ಳುತ್ತಾರೆ. ಲೈಕ್ ಕಡಿಮೆ ಇರಬಹುದು, ಗೋಡೆಗೆ ಬೇಕು ಅಂತ ಕೇಳುವವರು ಅಲ್ಲೇ ಸಿಗುತ್ತಾರೆ.

ಇನ್ನೊಂದು ವಿಷಯ. ಪ್ರೀತಿಗೆ ಬರೆದು ಹಾಕುವುದು ಬೇರೆ, ನಟರ ಮುಖವನ್ನು ಟೀ ಶರ್ಟ್ ಮೇಲೆ ಅಚ್ಚು ಹಾಕಿಸಿ ಮಾರುವುದು ಬೇರೆ. ಎರಡನೆಯದಕ್ಕೆ ಅವರ ಕಡೆಯವರ ಅನುಮತಿ ಬೇಕಾಗುತ್ತದೆ, ಕೋರ್ಟಿಗೂ ಹೋಗಬಹುದು.

ಪ್ರಶ್ನೆ: ನನ್ನ ಯಕ್ಷಗಾನದ ಚಿತ್ರವನ್ನು ಒಂದು ದೊಡ್ಡ ಪೇಜ್‌ನವರು ನನ್ನ ಸಹಿ ಕತ್ತರಿಸಿ ಹಾಕಿಕೊಂಡಿದ್ದಾರೆ. ಕೇಳಿದರೆ "ನಿಮಗೇ ಪ್ರಚಾರ ಅಲ್ವಾ" ಅಂದರು. ಖುಷಿ ಪಡಬೇಕಾ, ಜಗಳ ಮಾಡಬೇಕಾ? (ಪುತ್ತೂರು)

ಉತ್ತರ: ಸಹಿ ಕತ್ತರಿಸಿದ ಮೇಲೆ ಯಾರಿಗೆ ಪ್ರಚಾರ? ಅವರಿಗೇ.

ಚಿತ್ರ ಓಡುವುದು ಬೇರೆ, ಬರೆದವರ ಹೆಸರು ಅದರ ಜತೆ ಓಡುವುದು ಬೇರೆ. ನಿಮ್ಮ ಸೀಮೆಯದೇ ಉದಾಹರಣೆ ಇದೆ. ಕಾಸರಗೋಡಿನ ಕುಂಬಳೆಯ ಕಡೆಯ ಕರಣ್ ಆಚಾರ್ಯ ಅವರು 2015ರಲ್ಲಿ ಊರಿನ ಹುಡುಗರು ಧ್ವಜಕ್ಕೆ ಚಿತ್ರ ಬೇಕು ಅಂದಾಗ ಕೇಸರಿ ಕಪ್ಪು ಬಣ್ಣದ ಹನುಮಂತನ ಮುಖ ಮಾಡಿಕೊಟ್ಟರು. ಅದು ಇಡೀ ದೇಶದ ಕಾರು, ಬೈಕು, ಆಟೋಗಳ ಹಿಂದೆ ಬಂದು ಕೂತಿತು. 2018ರಲ್ಲಿ ಪ್ರಧಾನಿಯೇ ಮಂಗಳೂರಿನ ಸಭೆಯಲ್ಲಿ ಅವರನ್ನು ಹೊಗಳಿದರು. ಆದರೆ ಆ ಸ್ಟಿಕ್ಕರ್ ಅಂಟಿಸಿಕೊಂಡವರಲ್ಲಿ ಎಷ್ಟು ಜನಕ್ಕೆ ಬರೆದವರ ಹೆಸರು ಗೊತ್ತಿತ್ತು? ಅದನ್ನು ಅಚ್ಚು ಹಾಕಿ ರಸ್ತೆ ಬದಿಯಲ್ಲಿ ಮಾರಿದವರಂತೂ ಲೆಕ್ಕಕ್ಕಿಲ್ಲ. ಇದಕ್ಕೆ ಪಕ್ಕದಲ್ಲಿ ಬೀದಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಅವರ ಕೆಲಸವನ್ನು ಇಟ್ಟು ನೋಡಿ. 2019ರಲ್ಲಿ, ಚಂದ್ರಯಾನ-2ರ ಸುದ್ದಿ ಎಲ್ಲರ ಬಾಯಲ್ಲಿದ್ದಾಗ, ಬೆಂಗಳೂರಿನ ಹೇರೋಹಳ್ಳಿ ಕಡೆಯ ಗುಂಡಿ ಬಿದ್ದ ರಸ್ತೆಯಲ್ಲಿ ಗಗನಯಾತ್ರಿ ವೇಷದವರನ್ನು ನಡೆಸಿ ಒಂದು ಪುಟ್ಟ ವಿಡಿಯೋ ಮಾಡಿದರು. ಅದೂ ದೇಶ ದಾಟಿ ಹೋಯಿತು, ಆದರೆ ಹೆಸರು ಜತೆಗೇ ಹೋಯಿತು. ಯಾಕೆಂದರೆ 2015ರಲ್ಲಿ ರಸ್ತೆ ಗುಂಡಿಗೆ ಮೊಸಳೆಯ ಪ್ರತಿಮೆ ಬಿಟ್ಟ ದಿನಗಳಿಂದಲೂ ಅವರು ಒಂದೇ ಥರದ ಕೆಲಸ ಬಿಡದೆ ಮಾಡುತ್ತಾ ಬಂದಿದ್ದರು, ನೋಡಿದ ಕೂಡಲೇ "ಇದು ಅವರದೇ" ಅನ್ನುವಷ್ಟು.

ಈಗ ನಿಮ್ಮ ಜಗಳ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ನೀವು ಬರೆದ ಕ್ಷಣದಿಂದಲೇ ಚಿತ್ರದ ಹಕ್ಕು ನಿಮ್ಮದು. ನೀವಿರುವಷ್ಟು ದಿನ, ಆಮೇಲೆ 60 ವರ್ಷ. ನೋಂದಣಿ ಕಡ್ಡಾಯ ಅಲ್ಲ, ಆದರೆ ಮುಂದೆ ಸಾಕ್ಷಿಗೆ ಒಳ್ಳೆಯದು. ಹೆಸರು ಹಾಕಿಸಿಕೊಳ್ಳುವ ಹಕ್ಕು ಅದೇ ಕಾಯ್ದೆಯ 57ನೇ ಸೆಕ್ಷನ್‌ನಲ್ಲಿ ಬೇರೆಯಾಗೇ ಇದೆ. ಚಿತ್ರ ಮಾರಿದ ಮೇಲೂ ಅದು ನಿಮ್ಮಲ್ಲೇ ಉಳಿಯುತ್ತದೆ. ಮೊದಲು ಅವರ ಪೋಸ್ಟಿನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ದಿನಾಂಕ ಕಾಣುವ ಹಾಗೆ. ಆಮೇಲೆ ಶಾಂತವಾಗಿ ಒಂದು ಮೆಸೇಜ್: "ಇದು ನನ್ನ ಚಿತ್ರ, ಮೂಲ ಪೋಸ್ಟ್ ಇಲ್ಲಿದೆ, ಹೆಸರು ಟ್ಯಾಗ್ ಮಾಡಿ ಸಹಿ ಇರುವ ಚಿತ್ರ ಹಾಕಿ, ಇಲ್ಲವೇ ತೆಗೆಯಿರಿ." ಎರಡು ದಿನ ನೋಡಿ. ಆಗಲೂ ಮಾಡದಿದ್ದರೆ ಕಾಪಿರೈಟ್ ರಿಪೋರ್ಟ್ ಫಾರಂ ತುಂಬಿ, ಇನ್‌ಸ್ಟಾಗ್ರಾಂ ಫೇಸ್‌ಬುಕ್ ಎರಡರಲ್ಲೂ ಇದೆ. ಫಾಲೋವರ್ಸ್‌ನ ಕರೆದು ಅವರ ಕಾಮೆಂಟ್‌ನಲ್ಲಿ ಬೈಸುವುದು ಬೇಡ, ಅದರಿಂದ ಅವರ ಪೋಸ್ಟೇ ಇನ್ನೂ ಮೇಲೆ ಬರುತ್ತದೆ.

ಮುಂದಿನ ಸಲದಿಂದ ಸಹಿಯನ್ನು ಮೂಲೆಯಲ್ಲಿ ಹಾಕಬೇಡಿ. ವೇಷದ ಕಿರೀಟದ ಅಂಚಲ್ಲೋ, ಸೀರೆಯ ನೆರಿಗೆಯಲ್ಲೋ, ಕತ್ತರಿಸಿದರೆ ಚಿತ್ರವೇ ಕೆಡುವ ಜಾಗದಲ್ಲಿ ಹಾಕಿ. ದೊಡ್ಡ ವಾಟರ್‌ಮಾರ್ಕ್ ಮುಖದ ಮೇಲೆ ಬಳಿಯುವವರಿದ್ದಾರೆ, ಅದು ನನಗೆ ಇಷ್ಟ ಇಲ್ಲ, ಕಳ್ಳನಿಗೆ ಹೆದರಿ ನೋಡುವವರ ಕಣ್ಣಿಗೆ ಮಣ್ಣು ಹಾಕಿದ ಹಾಗಾಗುತ್ತದೆ.

ಪ್ರಶ್ನೆ: ನಮ್ಮಮ್ಮ ಹಸೆ ಚಿತ್ತಾರ ಬರೆಯುತ್ತಾರೆ. ನಾನು ಅವರ ಹೆಸರಲ್ಲಿ ಪೇಜ್ ಮಾಡಿದ್ದೇನೆ. ಫೋಟೋ ಹಾಕಿದರೆ "ವಾರ್ಲಿ ಚೆನ್ನಾಗಿದೆ" ಅಂತ ಕಾಮೆಂಟ್ ಬರುತ್ತದೆ. ಸಿಟ್ಟು ಬರುತ್ತದೆ ಮೇಡಂ. (ಸಾಗರ ತಾಲೂಕು)

ಉತ್ತರ: ಸಿಟ್ಟು ನ್ಯಾಯವೇ. ವಾರ್ಲಿ ಮಹಾರಾಷ್ಟ್ರದ ಬುಡಕಟ್ಟಿನವರ ಗೋಡೆ ಚಿತ್ರ. ಆದರೆ ಹಾಗೆ ಅಂದವರಿಗೆ ಗೊತ್ತಿರುವುದು ಅದೊಂದೇ. ಮುಗಿದ ಚಿತ್ತಾರದ ಫೋಟೋ ಮಾತ್ರ ನೋಡಿದರೆ ಅದು ಎಲ್ಲಿಂದ ಬಂತು ಅಂತ ಗೊತ್ತಾಗುವ ದಾರಿಯೂ ಅವರಿಗಿಲ್ಲ.

ನಿಮ್ಮ ಹತ್ತಿರ ಬೇರೆಯವರಲ್ಲಿ ಇಲ್ಲದ್ದು ಎಷ್ಟಿದೆ ನೋಡಿ. ಕೆಮ್ಮಣ್ಣು ಸಾರಿಸಿದ ಗೋಡೆ, ಅಕ್ಕಿ ಅರೆದು ಮಾಡಿದ ಬಿಳಿ, ಅಕ್ಕಿ ಹುರಿದು ಕರಿ ಮಾಡಿದ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಇದನ್ನೆಲ್ಲ ಮಾಡುವಾಗ ಫೋನ್ ಎದುರಿಗಿಟ್ಟು ವಿಡಿಯೋ ತೆಗೆಯಿರಿ, ಹಿಂದೆ ಸಿನಿಮಾ ಹಾಡು ಬೇಡ, ಅಮ್ಮನೇ ಮಾತಾಡಲಿ. ಗೆರೆ ಅಲ್ಲಾಡದ ಹಾಗೆ ಎಳೆ ಎಳೆಯುವುದು ನೋಡುವುದಕ್ಕೇ ಜನ ನಿಲ್ಲುತ್ತಾರೆ. ದೀವರ ಹೆಣ್ಣುಮಕ್ಕಳು ಮದುವೆ ಮನೆಯ ಗೋಡೆಗೆ ಬರೆಯುವುದು ಇದು, ಈ ಭಾಗ ದಂಡಿಗೆ, ಇದು ಏಣಿ, ಇದು ಇಂಥ ಹಕ್ಕಿ ಅಂತ ಅಮ್ಮ ಹೇಗೆ ಹೇಳುತ್ತಾರೋ ಹಾಗೇ ಬರೆಯಿರಿ. ಪ್ರತಿ ಪೋಸ್ಟಿನಲ್ಲೂ ಅಮ್ಮನ ಹೆಸರು, ಊರಿನ ಹೆಸರು, ಚಿತ್ತಾರ ಅನ್ನುವ ಮಾತು ಇರಲೇಬೇಕು. ನಿಮಗೆ ಬೇಜಾರಾಗಬಹುದು, ಹೊಸದಾಗಿ ನೋಡುವವರಿಗೆ ಅದೇ ಮೊದಲ ಸಲ. ವಾರ್ಲಿ ಅಂದವರಿಗೆ ಬೈಯಬೇಡಿ, ಆ ವಿಡಿಯೋದ ಲಿಂಕ್ ಕೊಡಿ.

ಕೃತಿಸ್ವಾಮ್ಯದ ವಿಷಯ ಇಲ್ಲಿ ಸ್ವಲ್ಪ ತೊಡಕು. ಪರಂಪರೆಯ ವಿನ್ಯಾಸ ಯಾರೊಬ್ಬರ ಸ್ವತ್ತೂ ಅಲ್ಲ, ನಿಮ್ಮಮ್ಮ ಬರೆದ ಆ ಒಂದು ಚಿತ್ರ ಮಾತ್ರ ಅವರದು. ದಿಂಬಿನ ಕವರ್, ಕುರ್ತಾ ಮಾಡುವವರು ಫೋಟೋ ನೋಡಿ ಎತ್ತಿಕೊಳ್ಳುತ್ತಾರೆ. ಹಾಗಾಗಿ ಅಚ್ಚಿಗೆ ಬರುವಷ್ಟು ದೊಡ್ಡ ಫೋಟೋ, ನೇರವಾಗಿ ಎದುರಿಂದ ತೆಗೆದದ್ದು ಹಾಕಬೇಡಿ. ಸ್ವಲ್ಪ ಓರೆಯಾಗಿ, ಅಮ್ಮನ ಕೈ ಬರುವ ಹಾಗೆ ತೆಗೆಯಿರಿ. ನೋಡಲೂ ಅದೇ ಚಂದ.

ಪ್ರಶ್ನೆ: ಎಲ್ಲರೂ ಸೂಪರ್ ಅನ್ನುತ್ತಾರೆ. ತಪ್ಪು ಯಾರೂ ಹೇಳಲ್ಲ. ಕಲಿಯೋದು ಹೆಂಗ್ರೀ? (ಧಾರವಾಡ)

ಉತ್ತರ: "ಹೇಗಿದೆ?" ಅಂತ ಕೇಳಿದರೆ ಚೆನ್ನಾಗಿದೆ ಅಂತಲೇ ಉತ್ತರ ಬರುವುದು, ನಮ್ಮ ಜನ ಮುಖ ಮುರಿಯಲ್ಲ. "ಬಲಗೈ ಉದ್ದ ಆಯ್ತು ಅನ್ನಿಸ್ತಿದೆ, ನಿಮಗೂ ಹಾಗೇ ಕಾಣ್ತಿದೆಯಾ?" ಅಂತ ಕೇಳಿ. ಆಗ ಬಾಯಿ ಬಿಡುತ್ತಾರೆ. ಎಲ್ಲರ ಮುಂದೆ ಬೇಡ ಅನ್ನಿಸಿದರೆ ಐದಾರು ಜನ ಸೇರಿ ಒಂದು ವಾಟ್ಸಾಪ್ ಅಥವಾ ಡಿಸ್ಕಾರ್ಡ್ ಗುಂಪು ಮಾಡಿಕೊಳ್ಳಿ, ಅಲ್ಲಿ ಮುಗಿಯದ ಚಿತ್ರ ಮಾತ್ರ ಹಾಕಬೇಕು ಅಂತ ನಿಯಮ ಇಡಿ. ಮುಗಿದ ಚಿತ್ರಕ್ಕೆ ತಪ್ಪು ಹೇಳಿ ಏನು ಪ್ರಯೋಜನ? ಬೇರೆಯವರು ಕೇಳದೇ ಅವರ ಚಿತ್ರ ತಿದ್ದಲು ಮಾತ್ರ ಹೋಗಬೇಡಿ.

ಪ್ರಶ್ನೆ: ವಿದೇಶದವರೊಬ್ಬರು ಡಿಎಂ ಮಾಡಿ ನನ್ನ ಚಿತ್ರವನ್ನು ಎನ್‌ಎಫ್‌ಟಿ (ಒಡೆತನದ ದಾಖಲೆ ಇರುವ ಡಿಜಿಟಲ್ ಸ್ವತ್ತು) ಮಾಡಿ ಲಕ್ಷಗಟ್ಟಲೆ ಕೊಟ್ಟು ತಗೊಳ್ತೀನಿ ಅಂತಿದ್ದಾರೆ. ಇನ್ನೊಂದು ಕಡೆ ರಾಷ್ಟ್ರಮಟ್ಟದ ಆನ್‌ಲೈನ್ ಸ್ಪರ್ಧೆಗೆ ಆಯ್ಕೆ ಆಗಿದ್ದೀರಿ, ಪ್ರವೇಶ ಶುಲ್ಕ ಕಟ್ಟಿ ಅಂತಿದ್ದಾರೆ. ಎರಡೂ ಒಟ್ಟಿಗೆ ಬಂದಿವೆ! (ಬೆಂಗಳೂರು)

ಉತ್ತರ: ಎರಡನ್ನೂ ಒಟ್ಟಿಗೇ ಬ್ಲಾಕ್ ಮಾಡಿ.

ಎನ್‌ಎಫ್‌ಟಿಯವರು ಮೊದಲು ಅವರು ಹೇಳಿದ ತಾಣದಲ್ಲಿ "ಗ್ಯಾಸ್ ಫೀ", ಅಂದರೆ ವಹಿವಾಟಿನ ಶುಲ್ಕ, ಕಟ್ಟಿ ಅನ್ನುತ್ತಾರೆ. ಕಟ್ಟಿದ ಮೇಲೆ ಅವರೂ ಇಲ್ಲ, ಆ ತಾಣವೂ ಇಲ್ಲ. ಇದರ ಅಣ್ಣ ಒಬ್ಬನಿದ್ದಾನೆ: "ನಿಮ್ಮ ಫೋಟೋ ನೋಡಿ ದೊಡ್ಡ ಪೇಂಟಿಂಗ್ ಮಾಡಬೇಕು, ಅದಕ್ಕೆ ನಿಮಗೇ ದುಡ್ಡು ಕೊಡ್ತೀನಿ" ಅಂತ ಬರುತ್ತಾನೆ, ಜಾಸ್ತಿ ಮೊತ್ತದ ಚೆಕ್ ಕಳಿಸಿ ಉಳಿದದ್ದನ್ನು ಬಣ್ಣದ ಅಂಗಡಿಗೆ ಕಳಿಸಿ ಅನ್ನುತ್ತಾನೆ. ಚೆಕ್ ಆಮೇಲೆ ಬೌನ್ಸ್ ಆಗುತ್ತದೆ, ನಿಮ್ಮ ದುಡ್ಡು ಹೋಗಿರುತ್ತದೆ. ಇವರೆಲ್ಲರ ಗುರುತು ಒಂದೇ. ಹೊಗಳಿಕೆ ಯಾವ ಚಿತ್ರಕ್ಕೆ ಬೇಕಾದರೂ ಹೊಂದುವಂತಿರುತ್ತದೆ, ನಿಮ್ಮ ಯಾವ ಚಿತ್ರ ಅಂತ ಕೇಳಿದರೆ ಉತ್ತರ ಬರಲ್ಲ.

ಇನ್ನು ಸ್ಪರ್ಧೆ. ಎಲ್ಲ ಶುಲ್ಕವೂ ಮೋಸ ಅಲ್ಲ. ಆದರೆ ನೀವು ಅರ್ಜಿಯನ್ನೇ ಹಾಕದೆ "ಆಯ್ಕೆ" ಆಗಿದ್ದು ಹೇಗೆ? ತೀರ್ಪುಗಾರರ ಹೆಸರಿಲ್ಲ, ಬಂದವರಿಗೆಲ್ಲ ಪಿಡಿಎಫ್ ಸರ್ಟಿಫಿಕೇಟು ಅಂದರೆ ಅದು ಸರ್ಟಿಫಿಕೇಟ್ ಅಂಗಡಿ. ಅದನ್ನು ನೋಡಿ ಕೆಲಸ ಕೊಟ್ಟವರನ್ನು ನಾನಂತೂ ಕಂಡಿಲ್ಲ.

ಪ್ರಶ್ನೆ: ಮೊದಲ ಕಮಿಷನ್ (ದುಡ್ಡು ಕೊಟ್ಟು ಹೇಳಿ ಬರೆಸುವ ಕೆಲಸ) ಬಂದಿದೆ. ಒಂದು ಹೋಟೆಲ್‌ನವರು ಗೋಡೆಗೆ ಚಿತ್ರ ಬರೆಸುತ್ತಿದ್ದಾರೆ. ಏನು ಬರೆಸಿಕೊಳ್ಳಬೇಕು? (ಶಿರಸಿ)

ಉತ್ತರ: ಶಹಬ್ಬಾಸ್. ಅರ್ಧ ದುಡ್ಡು ಮೊದಲೇ. ಎಷ್ಟು ಸಲ ತಿದ್ದಿಕೊಡುತ್ತೀರಿ ಅಂತ ಮೊದಲೇ ಹೇಳಿ, ಎರಡು ಸಲ ಸಾಕು. ಬಣ್ಣದ ಖರ್ಚು ಬೇರೆ.

ಇದನ್ನು ಮಾತ್ರ ಗಮನವಿಟ್ಟು ಓದಿ. ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಯಾರಾದರೂ ದುಡ್ಡು ಕೊಟ್ಟು ಹೇಳಿ ಬರೆಸಿದ ಪೇಂಟಿಂಗ್, ಪೋರ್ಟ್ರೇಟ್‌ಗಳ ಮೊದಲ ಹಕ್ಕು ಬರೆಸಿದವರದು, ಬೇರೆ ಥರ ಒಪ್ಪಂದ ಇಲ್ಲದಿದ್ದರೆ. ಬಹಳ ಕಲಾವಿದರಿಗೆ ಇದು ಗೊತ್ತೇ ಇಲ್ಲ. ನಾಳೆ ಅವರು ಅದನ್ನೇ ಮೆನು ಕಾರ್ಡಿಗೆ, ಸಾಂಬಾರು ಪುಡಿ ಪ್ಯಾಕೆಟ್ಟಿಗೆ ಹಾಕಿಕೊಂಡರೆ ನಿಮಗೆ ಕೇಳಲು ಕಷ್ಟ. ಅದಕ್ಕೇ "ಚಿತ್ರದ ಕೃತಿಸ್ವಾಮ್ಯ ಕಲಾವಿದರದೇ, ಹೋಟೆಲಿನ ಗೋಡೆಗೆ ಮಾತ್ರ ಬಳಕೆ, ಕಲಾವಿದರು ತಮ್ಮ ಪುಟದಲ್ಲಿ ಹಾಕಿಕೊಳ್ಳಬಹುದು" ಅಂತ ಒಂದು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ಗೋಡೆ ಮೇಲೆ ಸಹಿ ಜತೆ ನಿಮ್ಮ ಇನ್‌ಸ್ಟಾ ಹೆಸರೂ ಇರಲಿ. ಊಟಕ್ಕೆ ಬಂದವರು ಅದರ ಮುಂದೆ ಸೆಲ್ಫಿ ತೆಗೆದುಕೊಳ್ಳುತ್ತಾರೆ, ನೀವು ಕೂತಲ್ಲೇ ಓಡುತ್ತದೆ.

ಪ್ರಶ್ನೆ: ನಾವು ಹಾಕಿದ ಚಿತ್ರ ತಿಂದು ಎಐ ಅದೇ ಥರ ಬರೆಯುತ್ತಂತೆ. ಹಾಗಾದರೆ ಹಾಕುವುದನ್ನೇ ನಿಲ್ಲಿಸಬೇಕಾ? (ಕಲಬುರಗಿ)

ಉತ್ತರ: ಈ ಭಯ ಸುಮ್ನೆ ಹುಟ್ಟಿದ್ದಲ್ಲ. 2022ರ ನವೆಂಬರ್‌ನಲ್ಲಿ ಡೀವಿಯಂಟ್‌ಆರ್ಟ್ ತನ್ನದೇ ಎಐ ಸಾಧನ ತಂದಾಗ, ನಮ್ಮ ಚಿತ್ರ ಎಐ ತರಬೇತಿಗೆ ಬೇಡ ಅನ್ನುವವರು ತಾವೇ ಹೋಗಿ ಹೇಳಬೇಕು ಅಂತ ಇಟ್ಟಿತ್ತು. ಇಪ್ಪತ್ತು ವರ್ಷದಿಂದ ಅಲ್ಲೇ ಬೆಳೆದ ಕಲಾವಿದರು ಸಿಡಿದೆದ್ದರು. ತಾಣ ಬೇಗನೆ ಹಿಂದೆ ಸರಿದು, ಎಲ್ಲರ ಚಿತ್ರಕ್ಕೂ "ಬೇಡ" ಅನ್ನುವ ಗುರುತನ್ನು ತಾನೇ ಹಾಕಿತು. ಮರುತಿಂಗಳೇ ಆರ್ಟ್‌ಸ್ಟೇಷನ್‌ನಲ್ಲಿ ಕಲಾವಿದರೆಲ್ಲ ಎಐ ವಿರೋಧದ ಒಂದೇ ಚಿತ್ರ ಹಾಕಿ ಮುಖಪುಟ ತುಂಬಿಸಿಬಿಟ್ಟರು. 2023ರ ಜನವರಿಯಲ್ಲಿ ಅಮೆರಿಕದಲ್ಲಿ ಮೂವರು ಕಲಾವಿದರು ಎಐ ಕಂಪನಿಗಳ ಮೇಲೂ ಡೀವಿಯಂಟ್‌ಆರ್ಟ್ ಮೇಲೂ ಕೋರ್ಟಿಗೆ ಹೋದರು. 2024ರಲ್ಲಿ ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ಗಳ ಒಡೆಯ ಕಂಪನಿ ಮೆಟಾ ನಮ್ಮ ಪೋಸ್ಟ್‌ಗಳನ್ನು ಎಐಗೆ ಬಳಸುತ್ತದೆ ಅನ್ನುವ ಸುದ್ದಿ ಹಬ್ಬಿದಾಗ 'ಕಾರಾ' ಅನ್ನುವ ಪುಟ್ಟ ಆ್ಯಪ್‌ಗೆ ಕೆಲವೇ ದಿನದಲ್ಲಿ ಲಕ್ಷಾಂತರ ಕಲಾವಿದರು ಗುಳೆ ಹೊರಟರು.

ನೋಡಿ, ಜೋರಾಗಿ ಕೂಗಿದ್ದು ಒಬ್ಬೊಬ್ಬರಾಗಿ ಅಲ್ಲ, ಮೊದಲೇ ಪರಿಚಯ ಇದ್ದ ಗುಂಪುಗಳು. ಹಾವೇರಿಯವರಿಗೆ ಹೇಳಿದ್ದು ಇಲ್ಲೂ ಕೆಲಸಕ್ಕೆ ಬರುತ್ತದೆ.

ನೀವು ಮಾಡಬಹುದಾದದ್ದು: ಆನ್‌ಲೈನ್‌ಗೆ ಚಿಕ್ಕ ಅಳತೆಯ ಚಿತ್ರ ಹಾಕಿ, ದೊಡ್ಡದನ್ನು ನಿಮ್ಮಲ್ಲಿಟ್ಟುಕೊಳ್ಳಿ. ಷಿಕಾಗೋ ವಿಶ್ವವಿದ್ಯಾಲಯದವರು 'ಗ್ಲೇಜ್' ಅಂತ ಒಂದು ಉಚಿತ ಸಾಧನ ಮಾಡಿದ್ದಾರೆ, ನಮ್ಮ ಕಣ್ಣಿಗೆ ಹೆಚ್ಚು ಕಾಣದಂತೆ ಚಿತ್ರವನ್ನು ಸ್ವಲ್ಪ ಬದಲಿಸಿ ಶೈಲಿ ಕದಿಯುವುದನ್ನು ಕಷ್ಟ ಮಾಡುತ್ತದೆ. ಪೂರ್ತಿ ರಕ್ಷಣೆ ಅಲ್ಲ, ಮಾಡಿದವರೇ ಹಾಗಂತ ಹೇಳುತ್ತಾರೆ. ನಿಲ್ಲಿಸುವುದಂತೂ ಬೇಡ. ಪೆಟ್ಟಿಗೆಯೊಳಗಿನ ಚಿತ್ರವನ್ನು ಎಐ ತಿನ್ನಲ್ಲ ನಿಜ, ಯಾರೂ ಕೊಳ್ಳುವುದೂ ಇಲ್ಲ.

ಪ್ರಶ್ನೆ: ಮುಂದಿನ ಜನವರಿಗೆ ಬೆಂಗಳೂರಿನ ಚಿತ್ರಸಂತೆಗೆ ಬರುವ ಯೋಚನೆ ಇದೆ. ಆನ್‌ಲೈನ್ ಪರಿಚಯ ಅಲ್ಲಿ ಉಪಯೋಗಕ್ಕೆ ಬರುತ್ತದಾ? (ತುಮಕೂರು)

ಉತ್ತರ: ಬರುತ್ತದೆ, ಆದರೆ ಆವತ್ತೇ ಬೆಳಿಗ್ಗೆ ಪೋಸ್ಟ್ ಹಾಕಿದರೆ ಬರಲ್ಲ. ಚಿತ್ರಕಲಾ ಪರಿಷತ್ತಿನ ಸುತ್ತ ಕುಮಾರಕೃಪಾ ರಸ್ತೆ ತುಂಬಾ ಸಾವಿರಕ್ಕೂ ಜಾಸ್ತಿ ಕಲಾವಿದರು ಕೂತಿರುತ್ತಾರೆ, ಜನ ತಳ್ಳಿಕೊಂಡು ಹೋಗುತ್ತಿರುತ್ತಾರೆ, ನಿಮ್ಮನ್ನು ಹುಡುಕಿಕೊಂಡು ಬರಲು ಅವರಿಗೆ ಕಾರಣ ಬೇಕು. ಅರ್ಜಿ ಮೊದಲೇ ಹಾಕಬೇಕು, ಪರಿಷತ್ತಿನ ಪ್ರಕಟಣೆ ನೋಡುತ್ತಿರಿ. ಡಿಸೆಂಬರ್ ಪೂರ್ತಿ ಸಂತೆಗೆ ತರುವ ಚಿತ್ರಗಳನ್ನು ಬರೆಯುತ್ತಿರುವುದು ತೋರಿಸಿ, ಬೆಲೆಯನ್ನೂ ಹೇಳಿ. ನಮ್ಮಲ್ಲಿ ಬೆಲೆ ಕೇಳಲು ನಾಚಿಕೊಂಡು ವಾಪಸ್ ಹೋಗುವವರೇ ಜಾಸ್ತಿ. ಜಾಗ ಸಿಕ್ಕಿದ ಕೂಡಲೇ ಯಾವ ಗೇಟಿನ ಹತ್ತಿರ, ಎದುರಿಗೆ ಏನಿದೆ ಅಂತ ಫೋಟೋ ಹಾಕಿ. ಪೋಸ್ಟ್‌ಕಾರ್ಡ್ ಅಳತೆಯ ಪ್ರಿಂಟ್‌ಗಳು ಒಂದಷ್ಟಿರಲಿ, ದೊಡ್ಡದು ಕೊಳ್ಳಲಾಗದವರು ಅದನ್ನು ಒಯ್ಯುತ್ತಾರೆ, ಹಿಂದೆ ನಿಮ್ಮ ಪುಟದ ಕ್ಯೂಆರ್ ಕೋಡ್ ಅಚ್ಚು ಹಾಕಿಸಿ. ಯುಪಿಐ ಕೋಡ್ ಬೇರೆ ಹಲಗೆಯಲ್ಲಿ, ದೊಡ್ಡದಾಗಿ. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ನೆಟ್‌ವರ್ಕ್ ಕೈಕೊಡಬಹುದು, ಚಿಲ್ಲರೆ ಇಟ್ಟುಕೊಂಡಿರಿ. ಮತ್ತೆ ಪಕ್ಕದಲ್ಲಿ ಕೂತ ಕಲಾವಿದರ ಹೆಸರು ಕೇಳಿಕೊಳ್ಳಿ, ನೀವು ಊಟಕ್ಕೆ ಎದ್ದಾಗ ಅಂಗಡಿ ನೋಡಿಕೊಳ್ಳುವವರು ಅವರೇ.